ಹಳೆಯ ಚಿತ್ರವನ್ನು ಇಂದಿಗೆ ಬರೆಯುವುದು: ನನ್ನ ಅನುಭವ

ಕಿರುತೆರೆಗೆ ಚಿತ್ರಕಥೆ, ಸಂಭಾಷಣೆ ಬರೆಯುವುದು ನನ್ನ ಕಸುಬು. ಮತ್ತೆ ತೆರೆಗೆ ತರಬಹುದಾದ ಹಳೆಯ ಕನ್ನಡ ಚಿತ್ರಗಳನ್ನು ಆರಿಸಿಕೊಡಿ, ಅವುಗಳಲ್ಲಿ ಒಂದನ್ನು ಹಾಸ್ಯ ಧಾರಾವಾಹಿಯಾಗಿ ಬೆಳೆಸೋಣ ಎಂದು ನಿರ್ಮಾಪಕರೊಬ್ಬರು ಕೇಳಿದಾಗ ನಾನು ಮೊದಲು ಮಾಡಿದ್ದು, ಜನ ಅತಿಯಾಗಿ ಪ್ರೀತಿಸುವ ಚಿತ್ರಗಳನ್ನೆಲ್ಲ ಪಟ್ಟಿಯಿಂದ ತೆಗೆದದ್ದು. 1972ರ ‘ಬಂಗಾರದ ಮನುಷ್ಯ’ದ ರಾಜೀವನನ್ನು ರಾಜಕುಮಾರ್ ಅವರಿಂದ ಬೇರ್ಪಡಿಸಿ ನೋಡಲು ಯಾರಿಂದಲೂ ಆಗದು. ಅದೇ ವರ್ಷದ ‘ನಾಗರಹಾವು’ ಚಿತ್ರವನ್ನು ಸ್ವತಃ ಪುಟ್ಟಣ್ಣ ಕಣಗಾಲರೇ 1974ರಲ್ಲಿ ಹಿಂದಿಗೆ ಒಯ್ದರು. ‘ಜಹರೀಲಾ ಇನ್ಸಾನ್’ ಅಲ್ಲಿ ನಿಲ್ಲಲಿಲ್ಲ. ನಿರ್ದೇಶಕ ಅವರೇ, ಕಥೆ ಅದೇ. ಆದರೆ ರಾಮಾಚಾರಿಯ ಹಟ, ಚಾಮಯ್ಯ ಮೇಷ್ಟ್ರ ಮೇಲೆ ಅವನಿಗಿದ್ದ ಭಕ್ತಿ ನಮ್ಮವರಿಗೆ ದಕ್ಕಿದ ಹಾಗೆ ಅಲ್ಲಿಯವರಿಗೆ ದಕ್ಕಲಿಲ್ಲ.

ಹಾಗಾದರೆ ಯಾವುದನ್ನು ಮತ್ತೆ ಮಾಡಬೇಕು? ಎತ್ತಿದ ಪ್ರಶ್ನೆ ಇನ್ನೂ ಮುಗಿಯದಿರುವ ಚಿತ್ರವನ್ನು. ನನ್ನ ಪಟ್ಟಿಯಲ್ಲಿ ಮೊದಲು ನಿಂತದ್ದು 1971ರ ‘ಶರಪಂಜರ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ಕಳೆದುಕೊಂಡ ಹೆಂಗಸು ಗುಣವಾಗಿ ಮನೆಗೆ ಮರಳುತ್ತಾಳೆ. ಮನೆಯವರು, ನೆರೆಯವರು ಅವಳ ಮಾತುಮಾತಿನಲ್ಲೂ ಹುಚ್ಚನ್ನೇ ಹುಡುಕುತ್ತಾರೆ. ಈ ಅನುಮಾನ ಇಂದಿಗೂ ಹೋಗಿಲ್ಲ. ಬದಲಾಗಿರುವುದು ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುವ ವಾರ್ಡು ಇದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಇಂದಿನ ಕಾವೇರಿ ಮಗುವನ್ನು ಎತ್ತಿಕೊಂಡೇ ಮನೆಗೆ ಬರಬಹುದು. ಅಷ್ಟಾದ ಮೇಲೂ ಮನೆಯವರು ಅವಳ ಕೈಯಿಂದ ಮಗುವನ್ನು ಇಸಿದುಕೊಂಡರೆ? ವೈದ್ಯರೂ ಕಾನೂನೂ ಒಪ್ಪಿಕೊಂಡವಳನ್ನು ಅಡುಗೆಮನೆ ಒಪ್ಪಲಿಲ್ಲ ಎಂಬುದು 1971ರ ಕಥೆಗಿಂತ ಕ್ರೂರ. ಆ ಒಂದು ದೃಶ್ಯಕ್ಕಾಗಿಯೇ ಈ ಚಿತ್ರವನ್ನು ಮತ್ತೆ ಮಾಡಬೇಕು ಎಂದು ನಾನು ವಾದಿಸಿದ್ದೇನೆ.

ಹಕ್ಕಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತು. ನಮ್ಮ ಕಾನೂನಿನಲ್ಲಿ ಲೇಖಕರ ಹಕ್ಕು ಅವರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ತ್ರಿವೇಣಿ ನಿಧನರಾದದ್ದು 1963ರಲ್ಲಿ. ಅವರು ಬದುಕಿದ್ದಾಗಲೇ ಅಚ್ಚಾದ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿದಿದೆ. ನಿಧನದ ನಂತರ ಮೊದಲು ಅಚ್ಚಾದ ಕೃತಿಗೆ ಪ್ರಕಟಣೆಯ ವರ್ಷದಿಂದ ಲೆಕ್ಕ ಹಿಡಿಯಬೇಕು. ಹಾಗಾಗಿ ಮೊದಲ ಮುದ್ರಣದ ವರ್ಷವನ್ನು ಕಣ್ಣಾರೆ ನೋಡಿಕೊಳ್ಳಬೇಕು. ಸಿನಿಮಾದ ಹಕ್ಕು ಇದರಿಂದ ಬೇರೆ, ಬಿಡುಗಡೆಯಾದ ಮೇಲೆ 60 ವರ್ಷ. ಹಕ್ಕು ಮುಗಿದ ಕಾದಂಬರಿಯಿಂದ ನೇರವಾಗಿ ಹೊಸ ಚಿತ್ರಕಥೆ ಬರೆಯಬಹುದು. ಚಿತ್ರಕ್ಕಾಗಿಯೇ ಹೆಣೆದ ದೃಶ್ಯಗಳನ್ನೂ ಹಾಡುಗಳನ್ನೂ ಮುಟ್ಟುವಂತಿಲ್ಲ.

ಹಾಸ್ಯ ಧಾರಾವಾಹಿಗೆ ನಾನು ಆರಿಸಿದ್ದು ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’, 1990ರದು. ಅನಂತನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು, ರಮೇಶ್ ಭಟ್, ವೈಶಾಲಿ ಕಾಸರವಳ್ಳಿ. ವಠಾರದ ಬಾಡಿಗೆದಾರ ಗಣೇಶನಿಗೂ ಮನೆ ಮಾಲೀಕರ ಮಗಳು ಆದಿಲಕ್ಷ್ಮಿಗೂ ಸದಾ ಜಗಳ. ಅವನು ಮರುಳಾಗಿರುವುದು ರೇಡಿಯೊದಲ್ಲಿ ಹಾಡುವ, ಕಂಡೇ ಇರದ ಶ್ರುತಿಯ ದನಿಗೆ. ಇಬ್ಬರೂ ಒಬ್ಬಳೇ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಚಿತ್ರವನ್ನು ಬಿಡಿಸುವಾಗ ನಾನು ಪ್ರತಿ ದೃಶ್ಯಕ್ಕೂ ಒಂದು ಚೀಟಿ ಬರೆಯುತ್ತೇನೆ. ಚೀಟಿಯಲ್ಲಿ ಸಂಭಾಷಣೆ ಇರುವುದಿಲ್ಲ. ಈ ದೃಶ್ಯದಲ್ಲಿ ಯಾರಿಗೆ ಏನು ಗೊತ್ತಿಲ್ಲ ಎಂಬುದಷ್ಟೇ ಇರುತ್ತದೆ. ಆಮೇಲೆ ಪ್ರತಿ ಚೀಟಿಯ ಮುಂದೆ ಒಂದು ಮೊಬೈಲ್ ಇಟ್ಟು ಯೋಚಿಸುತ್ತೇನೆ. ಒಂದು ಕರೆಯಿಂದ, ಒಂದು ಹುಡುಕಾಟದಿಂದ ಗುಟ್ಟು ಬಯಲಾಗುವುದಾದರೆ ಆ ದೃಶ್ಯ ಇಂದಿಗೆ ಬದುಕದು. ಹಳೆಯ ಹಾಸ್ಯಚಿತ್ರಗಳಲ್ಲಿ ಬಹುಪಾಲು ಇಲ್ಲಿಯೇ ಬಿದ್ದುಹೋಗುತ್ತವೆ. ‘ಗಣೇಶನ ಮದುವೆ’ಯ ಬೆನ್ನೆಲುಬೂ ಇಲ್ಲಿಯೇ ಅಲುಗಿತು: ಇಂದು ಹಾಡುವವಳ ಹೆಸರು ಗೊತ್ತಾದರೆ ಅರೆ ನಿಮಿಷದಲ್ಲಿ ಅವಳ ಮುಖವೂ ಸಿಗುತ್ತದೆ.

ದನಿ ಮಾತ್ರ ಊರಿಗೆಲ್ಲ ಗೊತ್ತಿದ್ದು ಮುಖ ಯಾರಿಗೂ ಗೊತ್ತಿರದವರು ಇಂದು ಯಾರು? ಉತ್ತರ ನನ್ನ ಕಸುಬಿನ ಮಗ್ಗುಲಲ್ಲೇ ಇತ್ತು. ಡಬ್ಬಿಂಗ್ ಕಲಾವಿದೆ. ನಮ್ಮ ಧಾರಾವಾಹಿಗಳ ಎಷ್ಟೋ ನಾಯಕಿಯರು ಮಾತನಾಡುವುದು ಇನ್ನೊಬ್ಬಳ ಕಂಠದಲ್ಲಿ. ಕನ್ನಡಕ್ಕೆ ಡಬ್ಬಿಂಗ್ ಆಗದಂತೆ ತಡೆಯುವುದು ತಪ್ಪು ಎಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ ಪರಭಾಷೆಯ ಚಿತ್ರ, ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗತೊಡಗಿದವು. 2020ರ ಲಾಕ್‌ಡೌನ್‌ನಲ್ಲಿ ಕನ್ನಡ ಮಾತನಾಡಿದ ‘ಮಹಾಭಾರತ’ವನ್ನು ಮನೆಮಂದಿಯೆಲ್ಲ ಕುಳಿತು ನೋಡಿದರು. ಆ ಕಂಠಗಳ ಒಡೆಯರನ್ನು ಬೀದಿಯಲ್ಲಿ ಕಂಡರೆ ಯಾರೂ ಗುರುತಿಸುವುದಿಲ್ಲ. ನನ್ನ ಹೊಸ ಆದಿಲಕ್ಷ್ಮಿ ಮಧ್ಯಾಹ್ನ ಸ್ಟುಡಿಯೊದಲ್ಲಿ ರಾಣಿಯಾಗಿ ಮಾತನಾಡಿ, ಸಂಜೆ ಮನೆಗೆ ಬಂದು ಬಾಡಿಗೆದಾರನೊಂದಿಗೆ ನೀರಿನ ವಿಷಯಕ್ಕೆ ಜಗಳಕ್ಕೆ ನಿಲ್ಲುತ್ತಾಳೆ.

ಜಾಗ ಹುಡುಕುವುದು ಇನ್ನೂ ಕಷ್ಟವಾಯಿತು. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಮುಖವನ್ನೇ ನೋಡದೆ ವರ್ಷ ಕಳೆಯಬಹುದು. ಪಿಜಿಯಲ್ಲಿ ಕುಟುಂಬಗಳಿಲ್ಲ. ಕೊನೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ಸಾಲಾಗಿ ನಿಂತಿರುವ ಮೂರಂತಸ್ತಿನ ಮನೆಯನ್ನು ಹಿಡಿದೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಎಲ್ಲರಿಗೂ ಸೇರಿ ಒಂದೇ ಸಂಪು. ಕಾವೇರಿ ನೀರು ದಿನ ಬಿಟ್ಟು ದಿನ. ಮೋಟರಿನ ಸ್ವಿಚ್ಚು ಮಾಲೀಕರ ಮನೆಯೊಳಗೆ, ಟ್ಯಾಂಕು ತಾರಸಿಯ ಮೇಲೆ. ಸೋಪು ಹಚ್ಚಿಕೊಂಡಾಗ ನೀರು ನಿಂತರೆ ಬಚ್ಚಲಿನಿಂದಲೇ ಕೂಗಬೇಕು, ಕೂಗಿದವನ ಮೇಲೆ ಮಾಲೀಕರಿಗೆ ಸಿಟ್ಟಿದ್ದರೆ ಆ ಕೂಗು ಅವರ ಕಿವಿಗೆ ಬೀಳುವುದಿಲ್ಲ. ಇಷ್ಟೆಲ್ಲ ಕಷ್ಟವಿದ್ದರೆ ಮನೆ ಬಿಟ್ಟುಹೋಗಬಾರದೇ ಎಂದು ನೋಡುಗ ಕೇಳಿಯೇ ಕೇಳುತ್ತಾನೆ. ಹತ್ತು ತಿಂಗಳ ಅಡ್ವಾನ್ಸ್ ಮಾಲೀಕರ ಹತ್ತಿರ ಇದೆ, ಅದನ್ನು ಅವರು ಮಗಳ ಮದುವೆಗೆಂದು ಬಳಸಿಬಿಟ್ಟಿದ್ದಾರೆ. ಹಾಗಾಗಿ ಹೋಗಲು ಇವನಿಂದ ಆಗದು, ಕಳಿಸಲು ಅವರಿಂದಲೂ ಆಗದು. ಸಿಟ್‌ಕಾಮ್‌ಗೆ, ಅಂದರೆ ಸನ್ನಿವೇಶದಿಂದಲೇ ನಗು ಹುಟ್ಟಿಸುವ ಧಾರಾವಾಹಿಗೆ, ಬೇಕಾದದ್ದು ಇದೇ, ಬಿಟ್ಟುಹೋಗಲಾರದ ಜನ. ‘ಸಿಲ್ಲಿ ಲಲ್ಲಿ’ಯಲ್ಲಿ ವೈದ್ಯನ ಕ್ಲಿನಿಕ್ಕೂ ಸಮಾಜ ಸೇವಕಿಯ ಸಂಸಾರವೂ ಒಂದೇ ಸೂರಿನಡಿ ಸಿಕ್ಕಿಕೊಂಡದ್ದರಿಂದಲೇ ನಗು ಅಷ್ಟು ಕಾಲ ಬತ್ತಲಿಲ್ಲ. ಫಣಿ ರಾಮಚಂದ್ರರು ‘ದಂಡಪಿಂಡಗಳು’ ಮಾಡಿದಾಗಲೂ ನಿರುದ್ಯೋಗವೆಂಬ ಬೇಲಿ ಹುಡುಗರನ್ನು ಒಟ್ಟಿಗೆ ಹಿಡಿದಿಟ್ಟಿತ್ತು.

ಈಗ ಕಿರುತೆರೆಯಲ್ಲಿ ಬರುವ ಹಾಸ್ಯ ಕಾರ್ಯಕ್ರಮಗಳಲ್ಲಿ ನನಗೆ ಕಾಣುವ ಕೊರತೆ ಈ ಕಟ್ಟೇ. ಪಾತ್ರಗಳು ಬರುತ್ತವೆ, ಒಂದು ಮಾತು ಹೊಡೆಯುತ್ತವೆ, ಹಿನ್ನೆಲೆಯಲ್ಲಿ ನಗುವಿನ ಸದ್ದು ಬೀಳುತ್ತದೆ, ಹೋಗುತ್ತವೆ. ಗಂಡಸಿಗೆ ಸೀರೆ ಉಡಿಸುವುದು, ದಪ್ಪಗಿರುವವರನ್ನು, ಕಪ್ಪಗಿರುವವರನ್ನು ಆಡಿಕೊಳ್ಳುವುದು ಇನ್ನೂ ನಿಂತಿಲ್ಲ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿರುವ ನಟರು ಸಮರ್ಥರು. ರಂಗಭೂಮಿಯಲ್ಲಿ ಪಳಗಿ ಬಂದವರಿಗೆ ನಿಲ್ಲಲು ಒಂದು ಸನ್ನಿವೇಶ ಕೊಟ್ಟರೆ ಸಾಕು.

ಹೊಸದರಲ್ಲಿ ನಾನು ಮನಸಾರೆ ಮೆಚ್ಚಿದ್ದು 2020ರಲ್ಲಿ ಶುರುವಾದ ಹಿಂದಿಯ ‘ಪಂಚಾಯತ್’. ಪಂಚಾಯಿತಿ ಕಚೇರಿಯ ಬೀಗದ ಕೀಲಿ ಕಳೆದುಹೋದದ್ದೇ ಅದರ ಮೊದಲ ಕಂತಿನ ದೊಡ್ಡ ಘಟನೆ. ಅಷ್ಟು ಸಣ್ಣದನ್ನು ನಂಬಿ ಕುಳಿತ ಬರಹಗಾರರ ಧೈರ್ಯ ನನಗೆ ಬೇಕು. ಅದು ತಮಿಳಿಗೂ ತೆಲುಗಿಗೂ ಹೋಗಿದೆ, ಕನ್ನಡಕ್ಕೂ ತರೋಣ ಎಂದು ನಿರ್ಮಾಪಕರು ಆಸೆಪಟ್ಟರು. ನಾನು ಬೇಡವೆಂದೆ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇದ್ದಾರೆ, ಅರ್ಧದಷ್ಟು ಮಹಿಳಾ ಸದಸ್ಯರಿದ್ದಾರೆ, ಸಭೆಗೆ ಬಂದು ಕೂರುವ ಅಧ್ಯಕ್ಷೆಯರ ಗಂಡಂದಿರಿದ್ದಾರೆ. ಆ ಕಥೆಯನ್ನು ನಮ್ಮ ಹಳ್ಳಿಯಿಂದಲೇ ಬರೆಯಬೇಕು.

ಸಂಪಿನ ಮನೆಯ ಮೊದಲ ಕಂತುಗಳ ಒನ್‌ಲೈನ್, ಅಂದರೆ ದೃಶ್ಯಗಳ ಚುಟುಕು ಸಾರ, ಈಗ ಸಿದ್ಧವಿದೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು ಕೊಡಿ ಎಂಬುದು ಚಾನೆಲ್ಲಿನ ಬೇಡಿಕೆ. ಆ ಓಟದಲ್ಲಿ ಗುಟ್ಟುಗಳನ್ನು ಹೆಣೆಯಲು ಆಗುವುದಿಲ್ಲ, ವಾರಕ್ಕೆ ಎರಡೇ ಕಂತು, ಜೊತೆಗೆ ನಗುವಿನ ಸದ್ದು ಹಾಕಬಾರದು ಎಂದು ಬರೆದು ಕಳಿಸಿದ್ದೇನೆ. ‘ಗಣೇಶನ ಮದುವೆ’ಯ ಹಕ್ಕು ಯಾರಲ್ಲಿದೆ ಎಂಬುದನ್ನು ನಿರ್ಮಾಪಕರು ವಿಚಾರಿಸುತ್ತಿದ್ದಾರೆ.