ಆ್ಯಪ್ ಬಿಟ್ಟು ನೋಟ್‌ಬುಕ್ ಹಿಡಿದೆ

ಮೈಸೂರಿನಲ್ಲಿ ಮನೆಯಿಂದಲೇ ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಕೆಲಸ ಜಾಸ್ತಿ ಆಯಿತು ಅಂತ ಹೋದ ವರ್ಷ ಮೂರು ಪ್ಯಾಕೇಜ್, ಆರ್ಡರ್ ಫಾರಂ, ಬಿಲ್ಲಿಂಗ್ ಆ್ಯಪ್, ವಾಟ್ಸಾಪ್‌ನಲ್ಲಿ ತಾನಾಗೇ ಹೋಗುವ ಉತ್ತರ, ಎಲ್ಲ ಇಟ್ಟೆ. ಏನೂ ಹಗುರ ಆಗಲಿಲ್ಲ. ಒಂದು ಪತ್ರಿಕೆಯಲ್ಲಿ ಅಜ್ಜಿಯ ಹೆಸರೇ ಬಿಟ್ಟುಹೋಯಿತು, ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. 'ಒಂದು ಮಾತು ಕೇಳಬಾರದಿತ್ತಾ ಅಣ್ಣಾ?' ಅಂದರು ಹುಡುಗಿಯ ತಾಯಿ. ತುಂಬಾ ಬೇಜಾರಾಯಿತು.

ಅವತ್ತೇ ಎಲ್ಲ ತೆಗೆದೆ. ಈಗ ಒಂದು ಉದ್ದನೆಯ ನೋಟ್‌ಬುಕ್, ಒಂದು ಮದುವೆಗೆ ಒಂದು ಪುಟ. ಮೊದಲು ಹತ್ತು ನಿಮಿಷ ಫೋನ್‌ನಲ್ಲಿ ಮಾತಾಡುತ್ತೇನೆ: ಯಾರ ಹೆಸರು ಮೊದಲು ಬರಬೇಕು, ತೀರಿಹೋದ ಹಿರಿಯರ ಹೆಸರು ಹಾಕಬೇಕಾ, ಮುಹೂರ್ತ ಎಷ್ಟಕ್ಕೆ. ಅರ್ಧ ದುಡ್ಡು ಮುಂಗಡ, ಯುಪಿಐನಲ್ಲಿ. ಪ್ರೂಫ್ ಕಳಿಸಿ ಸುಮ್ನೆ ಕೂರುವುದಿಲ್ಲ, ಫೋನ್‌ನಲ್ಲೇ ಜೋರಾಗಿ ಓದಿ ಹೇಳುತ್ತೇನೆ, ಯಾಕಂದ್ರೆ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನ್‌ನಲ್ಲೂ ಕಾಣುವ ಅಕ್ಷರಕ್ಕೆ, ಬದಲಿಸುವಾಗ ಒತ್ತಕ್ಷರ ತಪ್ಪುವುದುಂಟು, ಕಣ್ಣಿಗೆ ಅದು ಬೀಳುವುದೇ ಇಲ್ಲ. ನನ್ನ ವಹಿವಾಟು ವರ್ಷಕ್ಕೆ 20 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಬಿಲ್ ಪುಸ್ತಕ ಸಾಕು.

ತಿಂಗಳಿಗೆ ಎಂಟು ಆರ್ಡರ್‌ಗಿಂತ ಹೆಚ್ಚು ಒಪ್ಪುವುದಿಲ್ಲ. ಆಷಾಢದಲ್ಲಿ ಮದುವೆ ಇರುವುದಿಲ್ಲ ಅಲ್ವಾ, ಆಗ ಹಳೆಯ ಪುಟ ತಿರುವಿ, ದುಡ್ಡು ಬಾಕಿ ಇರುವವರಿಗೆ ನಾನೇ ಫೋನ್ ಮಾಡುತ್ತೇನೆ.