ರೋಗಿಯ ಔಷಧದ ಡಬ್ಬಿ ನೋಡಿ ಡ್ರಗ್ ಟೆಸ್ಟ್ ಬದಲಿಸಿದೆ: ನನ್ನ ಅನುಭವ

ಕೆಲಸಕ್ಕೆ ಸೇರುವವರ ಡ್ರಗ್ ಟೆಸ್ಟ್‌ನಿಂದ ಗಾಂಜಾ ತೆಗೆದುಬಿಡೋಣ, ಮೂತ್ರದ ಕಪ್ ಬಿಟ್ಟು ಜೊಲ್ಲು ತೆಗೆಯೋಣ ಅಂದಾಗ ಒಪ್ಪಿದವರು ಯಾರೂ ಇರಲಿಲ್ಲ. ಇಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ಹಾಗೇ ಹೋಮ್ ಹೆಲ್ತ್ (ಮನೆಗೇ ಹೋಗಿ ಮಾಡುವ ಆರೈಕೆ), ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆ) ಏಜೆನ್ಸಿ ನಡೆಸುವ ಗೆಳತಿಯರು ಬೇಡ ಅಂದರು. ಇನ್ಶೂರೆನ್ಸ್ ಏಜೆಂಟ್ ಬೇಡ ಅಂದರು. ಲೆಕ್ಕ ನೋಡುವ ನಮ್ಮ ಯಜಮಾನರಂತೂ "ಸುಮ್ನೆ ದುಡ್ಡು ದಂಡ ಕಣೇ" ಅಂದರು. ಈಗ ಎರಡು ವರ್ಷದ ಮೇಲಾಯಿತು. ಬೇಡ ಅಂದವರಲ್ಲೇ ಒಂದಿಬ್ಬರು ಬಂದು ನನ್ನ ಪ್ಯಾನೆಲ್ (ಟೆಸ್ಟ್‌ನಲ್ಲಿ ಹುಡುಕುವ ಡ್ರಗ್‌ಗಳ ಗುಂಪು) ಬರೆದುಕೊಂಡು ಹೋಗಿದ್ದಾರೆ. ಕಪ್ ಅಂದರೆ ಮೂತ್ರ ಹಾಕಿದರೆ ಅಲ್ಲೇ ಫಲಿತಾಂಶ ತೋರಿಸುವ ಟೆಸ್ಟ್ ಡಬ್ಬಿ, ಕಟಾಫ್ ಅಂದರೆ ದಾಟಿದರೆ ಪಾಸಿಟಿವ್ ಅನ್ನುವ ಮಿತಿ, ಎಂಆರ್‌ಒ ಅಂದರೆ ಲ್ಯಾಬ್ ಫಲಿತಾಂಶ ಪರಿಶೀಲಿಸುವ ಡಾಕ್ಟರ್.

ಮೊದಲು ನಮ್ಮದೂ ಎಲ್ಲರ ಹಾಗೆ ಹತ್ತು ಪ್ಯಾನೆಲ್ಲಿನ ಕಪ್. ಒಂದಕ್ಕೆ ಆರೇಳು ಡಾಲರ್. ಐದು ನಿಮಿಷದಲ್ಲಿ ಫಲಿತಾಂಶ, ಮಾರನೆಯ ದಿನ ಓರಿಯೆಂಟೇಶನ್. ಎಲ್ಲರಿಗೂ ಖುಷಿ. ಆಮೇಲೆ ಒಬ್ಬ ರೋಗಿಯ ಮನೆಯಲ್ಲಿ ನೋವಿಗೆ ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪ್ಯಾಚ್ ಲೆಕ್ಕಕ್ಕೆ ಸಿಗಲಿಲ್ಲ. ಯಾರು ತೆಗೆದರು ಅಂತ ಕೊನೆಗೂ ಗೊತ್ತಾಗಲಿಲ್ಲ. ಆ ಮನೆಗೆ ಹೋಗುತ್ತಿದ್ದ ಏಡ್ (ಆರೈಕೆ ಸಹಾಯಕಿ) ಹುಡುಗಿಯ ಮೇಲೆ ಅದನ್ನು ಹೊರಿಸುವುದೂ ಸರಿಯಲ್ಲ. ಆದರೆ ರೋಗಿಯ ಮಗ ಒಂದು ಪ್ರಶ್ನೆ ಕೇಳಿದರು: "ನೀವು ಟೆಸ್ಟ್ ಮಾಡ್ತೀರಲ್ಲ, ಅದು ಈ ಪ್ಯಾಚನ್ನ ಹಿಡಿಯುತ್ತಾ?" ಹಿಡಿಯುವುದಿಲ್ಲ. ಕಪ್‌ನಲ್ಲಿ ಓಪಿಯೇಟ್ (ಅಫೀಮಿನಿಂದ ಬರುವ ಔಷಧ) ಹುಡುಕುವ ಪಟ್ಟಿ ಇರುವುದು ಮಾರ್ಫಿನ್, ಕೊಡೀನ್‌ಗೆ. ಫೆಂಟನಿಲ್ ಅದಕ್ಕೆ ಕಾಣುವುದೇ ಇಲ್ಲ. ಆಕ್ಸಿಕೊಡೋನ್ ಅನ್ನುವ ನೋವಿನ ಔಷಧ ಕೂಡ ಹೆಚ್ಚು ಪಾಲು ತಪ್ಪಿಸಿಕೊಳ್ಳುತ್ತದೆ.

ಅವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು ಎಡಗಡೆ ನಮ್ಮ ಹಾಸ್ಪೈಸ್ ರೋಗಿಗಳ ಮನೆಯಲ್ಲಿ ಇರುವ ಔಷಧ ಬರೆದೆ. ಮಿಲಿಗೆ 20 ಮಿಲಿಗ್ರಾಂ ಇರುವ ಮಾರ್ಫಿನ್ ದ್ರವ, ಆತಂಕಕ್ಕೆ ಕೊಡುವ ಲೊರಾಝೆಪಾಮ್, ಫೆಂಟನಿಲ್ ಪ್ಯಾಚ್, ಆಕ್ಸಿಕೊಡೋನ್, ಹೈಡ್ರೊಮಾರ್ಫೋನ್, ಒಂದೆರಡು ಮನೆಯಲ್ಲಿ ಮೆಥಡೋನ್. ಬಲಗಡೆ ಕಪ್ ಹಿಡಿಯುವುದನ್ನು ಬರೆದೆ. ಸರಿಯಾಗಿ ಹೊಂದಿದ್ದು ಮಾರ್ಫಿನ್, ಮೆಥಡೋನ್ ಎರಡೇ. ಲೊರಾಝೆಪಾಮ್ ಸೇರುವ ಬೆಂಜೊ ಗುಂಪಿಗೂ ಪಟ್ಟಿ ಇತ್ತು, ಆದರೆ ಅದು ಲೊರಾಝೆಪಾಮ್ ವಿಷಯದಲ್ಲಿ ಬಹಳ ದುರ್ಬಲ. ನಾವು ತಗೊಳ್ಳುತ್ತಿದ್ದ ಹಳೇ ಮಾದರಿಯ ಕಪ್‌ನಲ್ಲಿ ಮೆಥಾಕ್ವಲೋನ್ (ಹಳೇ ನಿದ್ದೆ ಮಾತ್ರೆ), ಪ್ರೊಪಾಕ್ಸಿಫೀನ್ (ಹಳೇ ನೋವಿನ ಮಾತ್ರೆ) ಹುಡುಕುವ ಪಟ್ಟಿಗಳು ಇನ್ನೂ ಇದ್ದವು. ಮೊದಲನೆಯದು ಈ ದೇಶದ ಮಾರುಕಟ್ಟೆ ಬಿಟ್ಟಿದ್ದು 1980ರ ದಶಕದಲ್ಲಿ, ಎರಡನೆಯದನ್ನು ವಾಪಸ್ ತೆಗೆದುಕೊಂಡಿದ್ದು 2010ರಲ್ಲಿ. ಯಾರೂ ತಿನ್ನದ ಮಾತ್ರೆ ಹುಡುಕಲು ದುಡ್ಡು ಕೊಡುತ್ತಿದ್ದೆವು. ರೋಗಿಯ ಮಂಚದ ಪಕ್ಕದಲ್ಲೇ ಇರುವುದನ್ನು ಹುಡುಕುತ್ತಲೇ ಇರಲಿಲ್ಲ.

ಹಾಸ್ಪೈಸ್‌ನವರಿಗೆ ಇದು ಇನ್ನೂ ಮುಖ್ಯ. 2018ರ ಅಕ್ಟೋಬರ್‌ನಲ್ಲಿ ಸಪೋರ್ಟ್ ಆ್ಯಕ್ಟ್ ಅನ್ನುವ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಬಂದ ಮೇಲೆ, ರೋಗಿ ತೀರಿಕೊಂಡರೆ ಮನೆಯಲ್ಲಿ ಉಳಿದ ಮಾರ್ಫಿನ್ ಥರದ ಔಷಧವನ್ನು ಹಾಸ್ಪೈಸ್ ನರ್ಸ್ ಅಲ್ಲೇ ನಾಶ ಮಾಡಬಹುದು. ಒಳ್ಳೆಯ ಕಾನೂನು. ಅದಕ್ಕೆ ಮುಂಚೆ ಬಹಳ ಕಡೆ ದುಃಖದಲ್ಲಿರುವ ಮನೆಯವರೇ ಆ ಕೆಲಸ ಮಾಡಬೇಕಿತ್ತು. ಆದರೆ ಔಷಧ ಮುಟ್ಟುವ ಕೈ ನಮ್ಮದಾಯಿತು ಅಂದಮೇಲೆ ಆ ಕೈಯ ಜವಾಬ್ದಾರಿಯೂ ನಮ್ಮದೇ ಅಲ್ವಾ?

ಕಪ್ ಬಿಟ್ಟು ಲ್ಯಾಬ್‌ಗೆ ಕಳಿಸಲು ಶುರು ಮಾಡಿದೆ. ಎಂಆರ್‌ಒ ಸೇರಿ ಒಬ್ಬರಿಗೆ ಐವತ್ತೈದು, ಅರವತ್ತು ಡಾಲರ್. ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇತ್ತು. ಸ್ಯಾಂಪಲ್ ಕೊಡುವ ಜಾಗ ಊರಾಚೆ. ನಮ್ಮ ಏಡ್‌ಗಳಲ್ಲಿ ಎಷ್ಟೋ ಜನರ ಹತ್ತಿರ ಕಾರಿಲ್ಲ. ಎರಡು ಬಸ್ ಬದಲಿಸಿ ಹೋದರೆ ಅಲ್ಲಿ ಎರಡು ಗಂಟೆ ಕಾಯಿಸುವುದು. ಮೂವರನ್ನು ಕಳಿಸಿದರೆ ಒಬ್ಬರು ಹೋಗುತ್ತಲೇ ಇರಲಿಲ್ಲ, ಅಷ್ಟರಲ್ಲಿ ಬೇರೆ ಏಜೆನ್ಸಿಗೆ ಸೇರಿಬಿಟ್ಟಿರುತ್ತಿದ್ದರು. ಜಾಹೀರಾತು, ಬೆರಳಚ್ಚು, ಬ್ಯಾಕ್‌ಗ್ರೌಂಡ್ ಚೆಕ್ ಅಂತ ಅಷ್ಟರೊಳಗೆ ಒಬ್ಬೊಬ್ಬರ ಮೇಲೆ ಮುನ್ನೂರು ಡಾಲರ್ ಹತ್ತಿರ ಖರ್ಚಾಗಿರುತ್ತಿತ್ತು. ಹೋದವರು ಭಯಕ್ಕೆ ನೀರು ಕುಡಿದು ಕುಡಿದು ಡೈಲ್ಯೂಟ್ (ತೀರಾ ನೀರಾದ) ಸ್ಯಾಂಪಲ್ ಕೊಡುವರು. ಮೂತ್ರ ಎಷ್ಟು ಗಟ್ಟಿ ಅಂತ ತೋರಿಸುವ ಕ್ರಿಯಾಟಿನಿನ್ 20ಕ್ಕಿಂತ ಕಡಿಮೆ, ಮತ್ತೆ ಟೆಸ್ಟ್, ಮತ್ತೆ ಅರವತ್ತು ಡಾಲರ್.

ಕೂದಲಿನ ಟೆಸ್ಟ್ ಕೂಡ ಕೆಲವು ತಿಂಗಳು ಮಾಡಿಸಿದೆ. ನೂರು ಡಾಲರ್ ಮೇಲೆ. ತೊಂಬತ್ತು ದಿನದ ಕಥೆ ಹೇಳುತ್ತದೆ, ಆದರೆ ಕಳೆದ ವಾರದ್ದು ಹೇಳುವುದಿಲ್ಲ. ನನಗೆ ಬೇಕಾಗಿದ್ದು ಕಳೆದ ವಾರದ್ದೇ.

ಮಧ್ಯೆ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದು ನಮ್ಮವರಿಗೇ ಆಗುವ ತೊಂದರೆ. ಕನ್ನಡದ ಹೆಂಗಸೊಬ್ಬರು ಏಡ್ ಕೆಲಸಕ್ಕೆ ಬಂದಿದ್ದರು. ಊರಿನಲ್ಲಿ ಅತ್ತೆಯ ಸೇವೆ ಮಾಡಿದ ಕೈ, ಇಲ್ಲಿ 76 ಗಂಟೆಯ ಕೋರ್ಸ್ ಮುಗಿಸಿದ್ದರು. ಕಪ್‌ನಲ್ಲಿ ಓಪಿಯೇಟ್ ಪಾಸಿಟಿವ್. ಅವರ ಕಣ್ಣಲ್ಲಿ ನೀರು. ನಾನು ಕೇಳಿದ್ದು ಒಂದೇ: "ಅಕ್ಕ, ನಿನ್ನೆ ಹಬ್ಬಕ್ಕೆ ಏನು ಮಾಡಿದ್ರಿ?" ಗಸಗಸೆ ಪಾಯಸ!

ಗಸಗಸೆ ಅಫೀಮಿನ ಗಿಡದ್ದೇ ಬೀಜ. ಸ್ವಲ್ಪ ಮಾರ್ಫಿನ್, ಕೊಡೀನ್ ಅಂಟಿಕೊಂಡಿರುತ್ತದೆ. ಇದೇ ಕಾರಣಕ್ಕೆ ಫೆಡರಲ್ ಟೆಸ್ಟ್‌ನಲ್ಲಿ ಓಪಿಯೇಟ್ ಕಟಾಫ್ ಅನ್ನು 1998ರಲ್ಲಿ 300ರಿಂದ 2000ಕ್ಕೆ (ಮಿಲಿಗೆ ಇಷ್ಟು ನ್ಯಾನೋಗ್ರಾಂ) ಏರಿಸಿದರು. ಆದರೆ ಬಹಳಷ್ಟು ಕಪ್‌ಗಳು ಇನ್ನೂ 300ರದ್ದೇ. ಇಲ್ಲಿನವರು ಬೇಗಲ್ ಮೇಲೆ ಉದುರಿಸುವ ಚಿಟಿಕೆಗೂ ನಾವು ರುಬ್ಬಿ ಹಾಕುವ ಅರ್ಧ ಬಟ್ಟಲಿಗೂ ಎಲ್ಲಿಯ ಹೋಲಿಕೆ? ನಾನೇ ಪರೀಕ್ಷಿಸಿ ನೋಡಿದೆ. ಯುಗಾದಿ ಕಳೆದ ಮೇಲೆ ಒಂದು ಶನಿವಾರ ಪಾಯಸ ಮಾಡಿ ನಾನೂ ಯಜಮಾನರೂ ಎರಡೆರಡು ಲೋಟ ಕುಡಿದೆವು. ಬೆಳಿಗ್ಗೆ 300ರ ಕಪ್‌ನಲ್ಲಿ ಇಬ್ಬರಿಗೂ ಗೆರೆ ಮೂಡಲಿಲ್ಲ, ಅಂದರೆ ಪಾಸಿಟಿವ್. 2000ದ ಕಪ್‌ನಲ್ಲಿ ಇಬ್ಬರಿಗೂ ಗೆರೆ ಬಂತು. ಸೋಮವಾರದ ಹೊತ್ತಿಗೆ ಎರಡರಲ್ಲೂ ನೆಗೆಟಿವ್. ಇನ್ನೊಂದು ವಾರ ಗಸಗಸೆಯನ್ನು ಮೂರ್ನಾಲ್ಕು ನೀರಿನಲ್ಲಿ ಚೆನ್ನಾಗಿ ತೊಳೆದು, ಹುರಿದು ಮಾಡಿದೆ. ಆಗ 300ರಲ್ಲೂ ತೆಳ್ಳಗೆ ಗೆರೆ ಬಂತು, ಅಂದರೆ ನೆಗೆಟಿವ್. ಎಲ್ಲ ಗಸಗಸೆ ಒಂದೇ ಥರ ಇರುವುದಿಲ್ಲ, ಹಾಗಾಗಿ ಇದನ್ನೇ ನಂಬಿ ಇಂಟರ್‌ವ್ಯೂ ಹಿಂದಿನ ದಿನ ಕುಡಿಯಬೇಡಿ. ಆ ಅಕ್ಕನ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದೆವು, ಹೆರಾಯಿನ್‌ನ ಗುರುತಾದ 6-ಎಎಂ ಇರಲಿಲ್ಲ, ಎಂಆರ್‌ಒ ನೆಗೆಟಿವ್ ಕೊಟ್ಟರು. ಇವತ್ತು ನಮ್ಮಲ್ಲಿ ಅತಿ ಹೆಚ್ಚು ಮನೆಗಳು ಕೇಳಿ ಕರೆಸಿಕೊಳ್ಳುವ ಏಡ್ ಅವರೇ. ಬರೀ ಕಪ್ ನಂಬಿದ್ದರೆ ಅವರು ನಮಗೆ ಸಿಗುತ್ತಿರಲಿಲ್ಲ.

ಈಗ ಗಾಂಜಾ ವಿಷಯ. ನ್ಯೂಜೆರ್ಸಿಯ ಕಾನೂನಿಗೆ 2021ರ ಫೆಬ್ರವರಿಯಲ್ಲಿ ಸಹಿ ಬಿತ್ತು, 2022ರ ಏಪ್ರಿಲ್‌ನಿಂದ ಅಂಗಡಿಯಲ್ಲೇ ಮಾರಾಟ. ದೇಹದಲ್ಲಿ ಅದರ ಅಂಶ ಉಳಿದಿದೆ ಅನ್ನುವ ಒಂದೇ ಕಾರಣಕ್ಕೆ ಕೆಲಸಗಾರರ ಮೇಲೆ ಕ್ರಮ ಕೈಗೊಳ್ಳುವ ಹಾಗಿಲ್ಲ. ದಿನಾ ಸೇದುವವರ ಮೂತ್ರದಲ್ಲಿ ಅದು ವಾರಗಟ್ಟಲೆ ಇರುತ್ತದೆ. ಬಳಸಲಾಗದ ಫಲಿತಾಂಶಕ್ಕೆ ಯಾಕೆ ದುಡ್ಡು ಕೊಡಬೇಕು? ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಕೇಳುತ್ತದೆ ಅಂತ ಗೆಳತಿಯರು ಹೆದರಿಸಿದರು. ಮೆಡಿಕೇರ್‌ನ ಹಾಸ್ಪೈಸ್ ನಿಯಮ ಕೇಳುವುದು ಕ್ರಿಮಿನಲ್ ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಟೆಸ್ಟ್ ಅಲ್ಲ. ವಕೀಲರಿಗೆ ನಾನೂರು ಡಾಲರ್ ಕೊಟ್ಟು ನಮ್ಮ ಪಾಲಿಸಿ ಬರೆಸಿದೆ. ಕೆಲಸದ ಹೊತ್ತಿನಲ್ಲಿ ಅಮಲಿನಲ್ಲಿ ಕಂಡರೆ ಅದಕ್ಕೆ ಬೇರೆ ದಾರಿ ಇದೆ, ಅದನ್ನು ಬಿಟ್ಟುಕೊಟ್ಟಿಲ್ಲ.

ಕೊನೆಗೆ ನಿಂತಿದ್ದು ಹೀಗೆ. ಮೊದಲು ಷರತ್ತಿನ ಆಫರ್ ಪತ್ರ. ಅದಕ್ಕೆ ಮುಂಚೆ ಯಾವ ಔಷಧ ತಗೊಳ್ಳುತ್ತೀರಿ ಅಂತ ಯಾರೂ ಕೇಳುವ ಹಾಗಿಲ್ಲ. ಪತ್ರಕ್ಕೆ ಸಹಿ ಆದ ತಕ್ಷಣ ನಮ್ಮ ಆಫೀಸಿನಲ್ಲೇ, ನಮ್ಮ ಕಣ್ಣೆದುರೇ ಜೊಲ್ಲಿನ ಸ್ಯಾಂಪಲ್. ಬಾತ್‌ರೂಮ್ ಇಲ್ಲ, ನೀರು ಬೆರೆಸುವುದಿಲ್ಲ, ಎರಡು ಬಸ್ ಇಲ್ಲ. ಹತ್ತು ನಿಮಿಷ ಬಾಯಿಗೆ ಏನೂ ಹಾಕಬಾರದು, ಅಷ್ಟೇ. ಪ್ಯಾನೆಲ್ಲಿನಲ್ಲಿ ಮಾರ್ಫಿನ್, ಆಕ್ಸಿಕೊಡೋನ್, ಹೈಡ್ರೊಮಾರ್ಫೋನ್, ಫೆಂಟನಿಲ್, ಮೆಥಡೋನ್, ಕೊಕೇನ್, ಆ್ಯಂಫೆಟಮಿನ್. ಲ್ಯಾಬ್‌ನವರ ರೆಡಿ ಪ್ಯಾನೆಲ್ ಬೇಡ ಅಂದರೆ ಮೊದಲು "ಆಗಲ್ಲ" ಅನ್ನುತ್ತಾರೆ. ಆಗುತ್ತದೆ. ಯಾರನ್ನು ಕೇಳಬೇಕು, ಹೇಗೆ ಕೇಳಿದರೆ ದರ ಇಳಿಯುತ್ತದೆ ಅನ್ನುವುದು ನನ್ನಲ್ಲೇ ಇರಲಿ. ಎಂಆರ್‌ಒ ಸೇರಿ ಒಬ್ಬರಿಗೆ ಸುಮಾರು ನಲವತ್ತೈದು ಡಾಲರ್ ಬೀಳುತ್ತದೆ. ಕಂಫರ್ಟ್ ಕಿಟ್ (ರೋಗಿಯ ಮನೆಯಲ್ಲಿ ಇಡುವ ತುರ್ತು ಔಷಧದ ಪೆಟ್ಟಿಗೆ) ಮುಟ್ಟುವ ಹಾಸ್ಪೈಸ್ ನರ್ಸ್‌ಗಳಿಗೆ ಮಾತ್ರ ಇದರ ಜೊತೆ ಮೂತ್ರದ ಲ್ಯಾಬ್ ಟೆಸ್ಟ್, ಲೊರಾಝೆಪಾಮನ್ನು ಹೆಸರಿಟ್ಟು ಹುಡುಕುವಂಥದ್ದು. ಅದಕ್ಕೆ ಇನ್ನೂ ತೊಂಬತ್ತು.

ಜೊಲ್ಲು ಒಂದೆರಡು ದಿನದ್ದಷ್ಟೇ ಹೇಳುತ್ತದೆ ಅನ್ನುವುದು ಎಲ್ಲರ ತಕರಾರು. ನಿಜ. ಆದರೆ ರೋಗಿಯ ಮಾರ್ಫಿನ್‌ಗೆ ಕೈ ಹಾಕುವ ಮಟ್ಟಕ್ಕೆ ಹೋದವರು ಒಂದೆರಡು ದಿನ ಬಿಟ್ಟಿರುವುದೇ ಕಷ್ಟ. ಮುಂಚೆ ತಿಳಿಸದೆ ತೆಗೆದರೆ ಆ ಒಂದೆರಡು ದಿನದ ಅವಧಿಯೇ ಸಾಕು. ಯಾವ ದಿನ, ಯಾವ ಹೊತ್ತಿಗೆ ಆಫರ್ ಪತ್ರಕ್ಕೆ ಕರೆಯುತ್ತೇನೆ ಅನ್ನುವುದೂ ಇಲ್ಲಿ ಬರೆಯುವುದಿಲ್ಲ.

ಚಟದಿಂದ ಹೊರಬರಲು ಮೆಥಡೋನ್ ಅಥವಾ ಬ್ಯುಪ್ರನಾರ್ಫಿನ್ ಚಿಕಿತ್ಸೆಯಲ್ಲಿ ಇರುವವರನ್ನು ದಯವಿಟ್ಟು ಹೊರಗೆ ತಳ್ಳಬೇಡಿ. ಡಾಕ್ಟರ್ ಬರೆದುಕೊಟ್ಟ ಚಿಕಿತ್ಸೆಗೆ ಎಡಿಎ (ಅಂಗವಿಕಲರ ಹಕ್ಕಿನ) ಕಾನೂನಿನ ರಕ್ಷಣೆ ಇದೆ. ಎಂಆರ್‌ಒ ಆ ಅಭ್ಯರ್ಥಿಯ ಜೊತೆ ತಾವೇ ನೇರ ಮಾತಾಡಿ, ನಮಗೆ ನೆಗೆಟಿವ್ ಅಂತಷ್ಟೇ ತಿಳಿಸುತ್ತಾರೆ. ನಮಗೆ ಅದಕ್ಕಿಂತ ಜಾಸ್ತಿ ಗೊತ್ತಾಗಬೇಕಾಗಿಯೂ ಇಲ್ಲ.

ಫಲ ಏನು? ಟೆಸ್ಟ್ ಹಂತದಲ್ಲಿ ಬಿಟ್ಟುಹೋಗುವವರು ಈಗ ಹತ್ತರಲ್ಲಿ ಒಬ್ಬರೂ ಇಲ್ಲ. ಪಾಸಿಟಿವ್ ನೂರಕ್ಕೆ ನಾಲ್ಕೈದು, ಅದರಲ್ಲಿ ಅರ್ಧ ಎಂಆರ್‌ಒ ಹಂತದಲ್ಲಿ ಪ್ರಿಸ್ಕ್ರಿಪ್ಶನ್ ತೋರಿಸಿ ಸರಿಹೋಗುತ್ತವೆ. ಫೆಂಟನಿಲ್ ಇಬ್ಬರು ಮೂವರಲ್ಲಿ ಸಿಕ್ಕಿತು, ಹಳೇ ಕಪ್ ಇದ್ದಿದ್ದರೆ ಅವರು ಮಾರನೆಯ ದಿನ ಯಾರದೋ ಮನೆಯಲ್ಲಿ ಇರುತ್ತಿದ್ದರು. 2025ರ ಜುಲೈನಿಂದ ಫೆಡರಲ್ ನೌಕರರ ಪ್ಯಾನೆಲ್ಲಿಗೂ ಫೆಂಟನಿಲ್ ಸೇರಿತು. ನಾವು ಅದಕ್ಕೂ ಮುಂಚೆ ಸೇರಿಸಿದ್ದೆವು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆಯೇ. ವರ್ಷದ ಒಟ್ಟು ಖರ್ಚು ಕಪ್ ಕಾಲಕ್ಕಿಂತ ಜಾಸ್ತಿ, ಆದರೆ ಬಿಟ್ಟುಹೋಗುವವರ ಮೇಲೆ ಸುರಿಯುತ್ತಿದ್ದ ದುಡ್ಡು ಉಳಿದಿದೆ. ಯಜಮಾನರೇ ಲೆಕ್ಕ ಹಾಕಿ ಒಪ್ಪಿದರು.

ಸದ್ಯ ತಲೆಯಲ್ಲಿ ಕೂತಿರುವುದು ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್. ರೋಗಿಗಳ ಮನೆಯಲ್ಲಿ ಡಬ್ಬಿಗಟ್ಟಲೆ ಇರುತ್ತದೆ, ಮಾಮೂಲಿ ಪ್ಯಾನೆಲ್ ಅದನ್ನು ನೋಡುವುದಿಲ್ಲ. ಸೇರಿಸಲು ಲ್ಯಾಬ್‌ನವರು ಹದಿನೆಂಟು ಡಾಲರ್ ಕೇಳಿದ್ದಾರೆ. ಹತ್ತಕ್ಕೆ ಇಳಿಸಿದರೆ ಮುಂದಿನ ಕಾಂಟ್ರಾಕ್ಟ್‌ನಲ್ಲಿ ನರ್ಸ್‌ಗಳ ಪ್ಯಾನೆಲ್ಲಿಗೆ ಹಾಕುತ್ತೇನೆ.