ಹಾಲು ಬಿಡಿಸಿದ ಹಂದಿಮರಿಗೆ ದಾಣಿಯಲ್ಲಿ ಆಮ್ಲ: ಬೆರೆಸುವುದು ಹೇಗೆ?

ಸಿಂಧನೂರು, ಗಂಗಾವತಿ, ಕಾರಟಗಿ ಸುತ್ತ ಹಂದಿ ಸಾಕುವವರಿಗೆ ಅಕ್ಕಿ ಗಿರಣಿಯ ತೌಡು, ನುಚ್ಚು ಹತ್ತಿರದಲ್ಲೇ ಸಿಗುತ್ತದೆ. ಮೆಕ್ಕೆಜೋಳಕ್ಕೂ ಕೊರತೆಯಿಲ್ಲ. ಆದರೂ ತಾಯಿಯ ಹಾಲು ಬಿಡಿಸಿದ ಮೊದಲ ವಾರದಲ್ಲೇ ಎಷ್ಟೋ ಮರಿಗಳಿಗೆ ಬೇಧಿ ಹಿಡಿಯುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ.

ಹಾಲಿನ ಸಕ್ಕರೆಯಿಂದ ಮರಿಯ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಾಗುತ್ತಿರುತ್ತದೆ. ಹಾಲು ನಿಂತರೆ ಅದೂ ನಿಲ್ಲುತ್ತದೆ. ಮರಿಯ ಹೊಟ್ಟೆ ಸ್ವಂತವಾಗಿ ಸಾಕಷ್ಟು ಆಮ್ಲ ಸುರಿಸುವಷ್ಟು ಇನ್ನೂ ಬಲಿತಿರುವುದಿಲ್ಲ. ಪ್ರೋಟೀನ್ ಒಡೆಯುವ ಪೆಪ್ಸಿನ್ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 2ರಿಂದ 3.5ರ ನಡುವೆ. ಹುಳಿ ಕಡಿಮೆಯಾದರೆ ಹಿಂಡಿಯ ಪ್ರೋಟೀನ್ ಅರೆಬರೆ ಜೀರ್ಣವಾಗಿ ದೊಡ್ಡ ಕರುಳಿಗೆ ಇಳಿದು ಕೊಳೆಯುತ್ತದೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬ.

ಈ ಹುಳಿಯ ಕೊರತೆ ತುಂಬಲೆಂದೇ ದಾಣಿಗೆ ಆಮ್ಲ ಬೆರೆಸುವುದು. ಮೊದಲು ಯಾವ ಆಮ್ಲ ಅಂತ ತೀರ್ಮಾನಿಸಿ. ಸಿಟ್ರಿಕ್ ಅಥವಾ ಫ್ಯುಮಾರಿಕ್ ಆಮ್ಲವಾದರೆ 100 ಕಿಲೋ ದಾಣಿಗೆ 1ರಿಂದ 2 ಕಿಲೋ. ಎರಡೂ ಪುಡಿ ರೂಪದಲ್ಲಿ ಸಿಗುತ್ತವೆ, ಬೆರೆಸುವುದು ಸುಲಭ. ಫಾರ್ಮಿಕ್ ಆಮ್ಲ ಜೋರು, ಆದರೆ ದ್ರವ. ಚರ್ಮ ಸುಡುತ್ತದೆ, ಕಬ್ಬಿಣ ತಿನ್ನುತ್ತದೆ. ಹಿತ್ತಲಲ್ಲಿ ಸಾಕುವವರು ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಬದಲಿಗೆ ಅದೇ ಆಮ್ಲದ ಲವಣವಾದ ಕ್ಯಾಲ್ಸಿಯಂ ಫಾರ್ಮೇಟ್ ಪುಡಿ ಬಳಸಬಹುದು, 100 ಕಿಲೋಗೆ ಸುಮಾರು 1 ಕಿಲೋ.

ಇನ್ನು ಬಹಳ ಜನ ಗಮನಿಸದ ಒಂದು ವಿಷಯ: ದಾಣಿಯಲ್ಲಿರುವ ಸುಣ್ಣಕಲ್ಲಿನ ಪುಡಿ. ಅದು ಹೊಟ್ಟೆಯ ಹುಳಿಯನ್ನು ನುಂಗಿಬಿಡುತ್ತದೆ. ಒಂದು ಕಡೆ ಆಮ್ಲ ಸುರಿದು ಇನ್ನೊಂದು ಕಡೆ ಸುಣ್ಣ ಹಾಕಿದರೆ ದುಡ್ಡು ಸುಮ್ನೆ ಹಾಳು, ಅಲ್ವಾ? ಕ್ಯಾಲ್ಸಿಯಂ ಫಾರ್ಮೇಟ್‌ನ ಲಾಭ ಇಲ್ಲೇ ಇದೆ. ಅದರಲ್ಲಿ ಸುಮಾರು ಶೇ 30 ಕ್ಯಾಲ್ಸಿಯಂ ಇದೆ. 1 ಕಿಲೋ ಹಾಕಿದರೆ ಸುಣ್ಣಕಲ್ಲಿನ ಪುಡಿಯನ್ನು ಮುಕ್ಕಾಲು ಕಿಲೋದಷ್ಟು ಇಳಿಸಬಹುದು. ಅದೇ ಫಾರ್ಮೇಟ್ ಬ್ಯಾಕ್ಟೀರಿಯಾಕ್ಕೂ ಕಡಿವಾಣ ಹಾಕುತ್ತದೆ.

ಬೆರೆಸುವಾಗ ಆಮ್ಲವನ್ನು ನೇರವಾಗಿ ರಾಶಿಗೆ ಸುರಿಯಬೇಡಿ. ತೂಕ ಹಾಕಿ, 4–5 ಕಿಲೋ ಮೆಕ್ಕೆಜೋಳದ ಹಿಟ್ಟಿನಲ್ಲಿ ಮೊದಲು ಕಲಸಿ. ಆಮೇಲೆ ಅದನ್ನು ಉಳಿದ ದಾಣಿಯ ಮೇಲೆ ಉದುರಿಸಿ, ಸಲಿಕೆಯಿಂದ ಮೂರ್ನಾಲ್ಕು ಸಲ ಮಗುಚಿ. ಒಂದೇ ಕಡೆ ಗಂಟಾದರೆ ಹುಳಿ ಜಾಸ್ತಿಯಾಗಿ ಮರಿಗಳು ಮೂಸಿ ಬಿಟ್ಟುಬಿಡುತ್ತವೆ. ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ನಮ್ಮ ಬೇಸಿಗೆಯಲ್ಲಿ ಒಂದೆರಡು ವಾರಕ್ಕೆ ಬೇಕಾದಷ್ಟೇ ಕಲಸಿ, ಚೀಲದ ಬಾಯಿ ಕಟ್ಟಿಡಿ.

ಹಾಲು ಬಿಡಿಸುವ ವಾರದ ಮುಂಚೆಯೇ ಈ ದಾಣಿಯನ್ನು ಸ್ವಲ್ಪ ಸ್ವಲ್ಪ ರುಚಿ ತೋರಿಸಿ. ಬಿಡಿಸಿದ ಮೇಲೆ 3–4 ವಾರ ಕೊಡಿ. ಆ ಹೊತ್ತಿಗೆ ಹೊಟ್ಟೆ ಬಲಿತಿರುತ್ತದೆ, ಆಮೇಲೆ ಹಾಕಿದ್ದಕ್ಕೆ ಅಷ್ಟು ಫಲ ಇರುವುದಿಲ್ಲ. ವಾರಕ್ಕೊಮ್ಮೆ ಮರಿ ತೂಗಿ ಬರೆದಿಡಿ.

ಬೂಸಲು ಹಿಡಿದ ಶೇಂಗಾ ಹಿಂಡಿಯ ವಿಷವನ್ನು ಯಾವ ಆಮ್ಲವೂ ತೆಗೆಯದು, ಅದನ್ನು ಮರಿಗೆ ಹಾಕಲೇಬೇಡಿ. ಬೇಧಿಯಲ್ಲಿ ರಕ್ತ ಕಂಡರೆ, ಮರಿ ನೀರು ಕುಡಿಯದೆ ಮಲಗಿಬಿಟ್ಟರೆ ಅದೇ ದಿನ ಪಶು ವೈದ್ಯರನ್ನು ಕರೆಸಿ.